ಶೆಟ್ರ ಅರುವತ್ತೆರಡು ಗೀಟುಗಳು

1998ರಲ್ಲಿ ನಾನು ಹೊಸಂಗಡಿಯ ಒಂದು ಮುದ್ರಣಾಲಯದಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನಾಗಿದ್ದೆ. ವಿಭಾಗ ಎಂದರೆ ಎರಡು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್ ಮತ್ತು ನಾನು. ಆಗ ನನಗೆ ಮೂವತ್ತೊಂದು ವರ್ಷ. ಮಂಗಳೂರಿನಲ್ಲಿ ಒಂದು ವರ್ಷದ ಡಿಪ್ಲೊಮಾ ಮುಗಿಸಿ ಬಂದಿದ್ದೆ. ಮಂಜೇಶ್ವರದಿಂದ ಕುಂಬಳೆಯವರೆಗೆ ನನ್ನಷ್ಟು ಕಂಪ್ಯೂಟರ್ ತಿಳಿದವನು ಇನ್ನೊಬ್ಬನಿಲ್ಲ ಎಂದು ನನಗೆ ನಾನೇ ಸರ್ಟಿಫಿಕೇಟು ಕೊಟ್ಟುಕೊಂಡಿದ್ದೆ. ಆ ಕೊಬ್ಬಿನ ಕಾಲದಲ್ಲಿ ಮಾಡಿದ ಒಂದು ಕೆಲಸ, ಅದನ್ನು ಮುಚ್ಚಲು ಹೇಳಿದ ಒಂದು ಸುಳ್ಳು, ಇವೆರಡನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಂಡತಿಗೆ ಬಿಟ್ಟರೆ ಬೇರೆ ಯಾರಿಗೂ ಮೊದಲಿನಿಂದ ಕೊನೆಯವರೆಗೆ ಹೇಳಿದವನಲ್ಲ.

ಆ ವರ್ಷದ ಆಗಸ್ಟಿನಲ್ಲಿ ಮೀಂಜದ ಕಡೆಯ ಒಂದು ಹಾಲಿನ ಸೊಸೈಟಿಯ ಕಾರ್ಯದರ್ಶಿ ಪ್ಲಾಸ್ಟಿಕ್ ಚೀಲದಲ್ಲಿ ಹನ್ನೆರಡು ಫ್ಲಾಪಿಗಳನ್ನು ಹಿಡಿದುಕೊಂಡು ಬಂದರು. ಅಂಗೈಗಿಂತ ದೊಡ್ಡದಾದ, ಬಗ್ಗಿಸಿದರೆ ಬಾಗುವ ಹಳೆಯ ಜಾತಿಯ ಫ್ಲಾಪಿಗಳು. ಅವುಗಳಲ್ಲಿದ್ದದ್ದು ತಿಮ್ಮಪ್ಪ ಶೆಟ್ರ ಪುಸ್ತಕ. ಶೆಟ್ರು ಮೃಗಾಸ್ಪತ್ರೆಯಲ್ಲಿ ಲೈವ್‌ಸ್ಟಾಕ್ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಊರಿನವರು ಅವರನ್ನು ದನದ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ನಾನು ಡಾಕ್ಟರಲ್ಲ, ಡಾಕ್ಟರ ಹಿಂದೆ ಚೀಲ ಹೊತ್ತವನು ಎಂದು ಅವರು ಎಷ್ಟು ಹೇಳಿದರೂ ಯಾರೂ ಕೇಳುತ್ತಿರಲಿಲ್ಲ. ನಿವೃತ್ತಿಯ ಮೇಲೂ ಕೊಡೆ ಹಿಡಿದು ಗುಡ್ಡ ಹತ್ತಿ ಇಳಿದು ದನದ ಹಟ್ಟಿಯಿಂದ ಹಟ್ಟಿಗೆ ಹೋಗುತ್ತಿದ್ದರು. ಯಾವ ರೋಗಕ್ಕೆ ಯಾವ ಮದ್ದು, ಎಷ್ಟು, ಯಾವಾಗ ಕೊಡಬಾರದು ಎಂಬ ತಮ್ಮ ಅನುಭವವನ್ನೆಲ್ಲ ಅವರು 1991ರಲ್ಲಿ ಸೊಸೈಟಿಯ ಟೈಪಿಸ್ಟಿಗೆ ಹೇಳಿ ಬರೆಸಿದ್ದರು. ಮೂವತ್ತು ಪ್ರತಿ ಮಾಡಿ ಹಂಚಿದ್ದಾಗಿತ್ತು. ನಂತರವೂ ತಿದ್ದುಪಡಿಗಳನ್ನು ಅದೇ ಫ್ಲಾಪಿಗಳಲ್ಲಿ ಸೇರಿಸಿ, ತಿದ್ದಿದ ಪುಟಗಳನ್ನು ಪ್ರತಿ ಇದ್ದವರಿಗೆ ಕೊಡುತ್ತಾ ಬಂದಿದ್ದರು. ಆ ಟೈಪಿಸ್ಟ್ ಮದುವೆಯಾಗಿ ಮಸ್ಕತ್ತಿಗೆ ಹೋದ ಮೇಲೆ ಅದೂ ನಿಂತಿತ್ತು. ಈಗ ಸೊಸೈಟಿಗೆ ಇಪ್ಪತ್ತೈದು ವರ್ಷ ತುಂಬುವ ಲೆಕ್ಕದಲ್ಲಿ ಅದನ್ನು ಚೆಂದ ಮಾಡಿ, ಐನೂರು ಪ್ರತಿ ಮುದ್ರಿಸಬೇಕು ಎಂಬುದು ಸೊಸೈಟಿಯವರ ಆಸೆ.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಹೇಳಬೇಕು. ಪುಸ್ತಕವನ್ನು ಟೈಪ್ ಮಾಡಿದ್ದು ವಿಂಡೋಸ್ ಬರುವ ಮೊದಲಿನ ಡಾಸ್ ಕಂಪ್ಯೂಟರಿನಲ್ಲಿ, ವರ್ಡ್‌ಸ್ಟಾರ್ ಎಂಬ ಸಾಫ್ಟ್‌ವೇರಿನಲ್ಲಿ. ಕನ್ನಡಕ್ಕೆಂದು ಒಳಗೆ ಬೇರೆ ಕಾರ್ಡ್ ಇತ್ತು. ಆ ಕಾಲದಲ್ಲಿ ಅಕ್ಷರವನ್ನು ದಪ್ಪ ಮಾಡಬೇಕಾದರೆ ಸ್ಕ್ರೀನಿನಲ್ಲಿ ದಪ್ಪವಾಗಿ ಕಾಣುತ್ತಿರಲಿಲ್ಲ. ಪದದ ಹಿಂದೆ ಮುಂದೆ ಒಂದು ಗುರುತು ಹಾಕಬೇಕು. ದಪ್ಪಕ್ಕೆ ಟೋಪಿಯಂಥ ಚಿಹ್ನೆ ಮತ್ತು ಬಿ, ಅಡಿಗೆರೆಗೆ ಟೋಪಿ ಮತ್ತು ಎಸ್. ಪ್ರಿಂಟ್ ಮಾಡಿದಾಗ ಮಾತ್ರ ಅದರ ಫಲ ಕಾಣುವುದು. ಹೊಸ ಸಾಫ್ಟ್‌ವೇರಿಗೆ ಈ ಗುರುತುಗಳ ತಲೆಬುಡ ಗೊತ್ತಿಲ್ಲ, ಹಳೆಯ ಕನ್ನಡ ಅಕ್ಷರಗಳೂ ಅದಕ್ಕೆ ತಿಳಿಯುವುದಿಲ್ಲ. ಎಲ್ಲವನ್ನೂ ಮತ್ತೆ ಟೈಪ್ ಮಾಡುವುದಾದರೆ ಎರಡು ತಿಂಗಳು ಬೇಕು ಎಂದರು ಪ್ರೆಸ್ಸಿನ ಯಜಮಾನರು. ನಾನು ನಕ್ಕು, ನಾಲ್ಕು ದಿನ ಕೊಡಿ, ಪ್ರೋಗ್ರಾಮ್ ಬರೆದು ಒಂದೇ ಏಟಿಗೆ ತಿರುಗಿಸಿ ಕೊಡುತ್ತೇನೆ ಎಂದೆ.

ಪ್ರೋಗ್ರಾಮ್ ಚೆನ್ನಾಗಿಯೇ ಬಂತು. ಅದರಲ್ಲಿ ಸುಳ್ಳಿಲ್ಲ. ಒಟ್ಟು ಐವತ್ತೆರಡು ಫೈಲುಗಳು. ಅಕ್ಷರಗಳು ಹೊಸ ಫಾಂಟಿಗೆ ಬದಲಾದವು, ದಪ್ಪ ದಪ್ಪವಾಗಿ ಬಂತು, ಅಡಿಗೆರೆ ಅಡಿಗೆರೆಯಾಗಿ ಬಂತು. ಗೊತ್ತಿಲ್ಲದ ಗುರುತು ಸಿಕ್ಕಿದರೆ ಪ್ರೋಗ್ರಾಮ್ ನಿಂತು ನನ್ನನ್ನು ಕೇಳುವಂತೆ ಮಾಡಿದ್ದೆ. ಮೊದಲ ಫೈಲಿನ ಕೊನೆಯಲ್ಲಿ ನಿಂತಿತು. ನೋಡಿದರೆ ಫೈಲಿನ ಬಾಲದಲ್ಲಿ ವರ್ಡ್‌ಸ್ಟಾರ್ ತಾನೇ ತುಂಬಿಸಿದ ಕಸ. ಎರಡನೆಯ ಫೈಲಿನಲ್ಲಿಯೂ ಅದೇ ಕಸ. ಮೂರನೆಯದರಲ್ಲಿ ನಾಲ್ಕು ಸಲ ನಿಂತಿತು. ನನಗೆ ರೇಗಿತು. ಏನೆಂದು ತೆರೆದೂ ನೋಡದೆ, ಗೊತ್ತಿಲ್ಲದ ಗುರುತುಗಳನ್ನೆಲ್ಲ ಕೇಳದೆ ಎಸೆದುಬಿಡು ಎಂದು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ಉಳಿದ ಫೈಲುಗಳು ಒಂದು ಕಪ್ ಚಾ ಕುಡಿಯುವಷ್ಟರಲ್ಲಿ ಮುಗಿದವು. ಯಜಮಾನರು ಬೆನ್ನು ತಟ್ಟಿದರು, ನಾನೂ ಹಿಗ್ಗಿದೆ.

ಪ್ರೂಫ್ ಓದಲು ಶೆಟ್ರು ಬಂದಾಗ ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಾಗದವನ್ನು ಮೂಗಿನ ಹತ್ತಿರ ಹಿಡಿದರೂ ಅಕ್ಷರ ಹತ್ತುತ್ತಿರಲಿಲ್ಲ. ನೀನೇ ಓದು, ನಾನು ಕೇಳುತ್ತೇನೆ ಎಂದರು. ಎಂಟು ಪುಟ ಓದಿದೆ. ಓದುವಾಗ ಮಧ್ಯೆ ಮಧ್ಯೆ ನಿಲ್ಲಿಸಿ ಅವರು ಆ ಹಸು ಯಾರದ್ದು, ಯಾವ ವರ್ಷ, ಹಟ್ಟಿ ಯಾವ ದಿಕ್ಕಿಗಿತ್ತು ಎಂದೆಲ್ಲ ಹೇಳುತ್ತಿದ್ದರು. ಇಷ್ಟು ನೆನಪು ಹೇಗೆ ಶೆಟ್ರೇ ಎಂದು ನಾನು ಕೇಳಿದಾಗ, ಅವರ ಮುಖ ಸ್ವಲ್ಪ ಗಂಭೀರವಾಯಿತು. ಅವರ ಅಣ್ಣ ಕೊನೆಗಾಲದಲ್ಲಿ ತಮ್ಮ ಮಕ್ಕಳ ಹೆಸರನ್ನೇ ಮರೆತಿದ್ದರಂತೆ. ಕಣ್ಣು ಹೋದರೂ ಆದೀತು, ನನಗೆ ಅದೊಂದು ಬರಬಾರದು ಎಂದು ದಿನಾ ದೇವರಿಗೆ ಕೈ ಮುಗಿಯುತ್ತೇನೆ ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದರು.

"ಸಿರಿಲ್, ನಾನು ಗೀಟು ಹಾಕಿಸಿದ್ದು ಉಂಟಲ್ಲ, ಅದು ಹಾಗೆಯೇ ಬರ್ತದಾ?"

ನನ್ನ ಮುಂದೆ ಆಗ ಮದುವೆ ಕಾಗದದ ಕೆಲಸ ಗುಡ್ಡೆ ಬಿದ್ದಿತ್ತು. ಗೀಟು ಎಂದರೆ ಅಡಿಗೆರೆ ಎಂದುಕೊಂಡೆ. ಅಷ್ಟಾದರೂ ಅಂದುಕೊಂಡೆನೋ ಇಲ್ಲವೋ ಅದೂ ಈಗ ಖಾತ್ರಿಯಿಲ್ಲ.

"ಎಲ್ಲಾ ಬರ್ತದೆ ಶೆಟ್ರೇ, ನೀವು ತಲೆಬಿಸಿ ಮಾಡ್ಬೇಡಿ" ಎಂದೆ. ಉಳಿದ ಪುಟಗಳನ್ನು ಅವರಿಗೆ ಓದಿ ಹೇಳಲಿಲ್ಲ.

ನವೆಂಬರಿನಲ್ಲಿ ಪುಸ್ತಕ ಬಂತು. ಹಳೆಯ ಪ್ರತಿ ಇದ್ದವರು ಅದನ್ನು ತಂದುಕೊಟ್ಟು ಹೊಸದು ಒಯ್ಯಬಹುದು ಎಂದು ಸೊಸೈಟಿಯವರು ಹೇಳಿದ್ದರಿಂದ ಹಳೆಯವೆಲ್ಲ ರದ್ದಿಗೆ ಹೋದವು. ಹಾಲು ಹಾಕುವವರ ಮನೆಮನೆಗೂ ಹೊಸ ಪುಸ್ತಕ ಹೋಯಿತು.

1999ರ ಫೆಬ್ರವರಿಯಲ್ಲಿ ಶೆಟ್ರು ಕಣ್ಣಿನ ಆಪರೇಷನ್ನಿಗೆ ಮಂಗಳೂರಿಗೆ ಹೋಗಿದ್ದರು. ಅದೇ ವಾರ ಬಾಯಾರಿನ ಕಮಲಕ್ಕ ಎಂಬವರ ಹಸುವಿಗೆ ಹೊಟ್ಟೆ ಕಟ್ಟಿತು. ಏಳು ತಿಂಗಳ ಗಬ್ಬದ ಹಸು, ಹೆಸರು ಬೊಳ್ಳಿ. ಮೇವು ಬಿಟ್ಟು ಮಲಗಿತ್ತು. ಶೆಟ್ರಿಗೆ ಹೇಳಿಕಳಿಸಿದರೆ ಊರಲ್ಲಿಲ್ಲ. ಪುಸ್ತಕ ಉಂಟಲ್ಲ ಎಂದು ಕಮಲಕ್ಕ ತೆರೆದು ನೋಡಿದರು. ಪುಟ ನಲವತ್ತೊಂದರಲ್ಲಿ ಹೊಟ್ಟೆ ಕಟ್ಟಿದಾಗ ಭೇದಿಯಾಗಲು ಕೊಡುವ ಒಂದು ಮದ್ದು, ಅದರ ಕೆಳಗೆ, ಗಬ್ಬದ ಹಸುವಿಗೂ ಇದೇ ಪ್ರಮಾಣ ಕೊಡಬಹುದು ಎಂಬ ಸಾಲು. ಸಾಲಿನ ಕೊನೆಯಲ್ಲಿ ಶೆಟ್ರ ಚಿಕ್ಕ ಸಹಿ ಮತ್ತು ತಿಂಗಳು: ತಿ.ಶೆ. 8/92. ಡಾಕ್ಟ್ರೇ ಸಹಿ ಹಾಕಿದ ಮದ್ದು, ಇನ್ನೇನು ಬೇಕು ಎಂದು ಕೊಟ್ಟರು. ಮರುದಿನ ಹಸು ಕಂದು ಹಾಕಿತು, ತಿಂಗಳು ತುಂಬದ ಕರು ಸತ್ತೇ ಬಿತ್ತು. ಮೂರನೆಯ ದಿನ ಬೊಳ್ಳಿಯೂ ಏಳಲಿಲ್ಲ.

ಆಪರೇಷನ್ ಆದ ಹತ್ತನೆಯ ದಿನ ಶೆಟ್ರು ಒಬ್ಬರೇ ಆಟೋ ಮಾಡಿಕೊಂಡು ಪ್ರೆಸ್ಸಿಗೆ ಬಂದರು. ಒಂದು ಕಣ್ಣಿನ ಮೇಲೆ ಹಸಿರು ಬಟ್ಟೆ, ಇನ್ನೊಂದಕ್ಕೆ ಪೊರೆ. ಕುರ್ಚಿಯನ್ನು ತಡವಿ ಹಿಡಿದು ಕುಳಿತರು. ನಡೆದದ್ದನ್ನು ಹೇಳಿದರು. ಆ ಸಾಲಿನ ಹಿಂದಿನ ಕಥೆಯನ್ನೂ ಆಗಲೇ ಹೇಳಿದ್ದು. 1992ರಲ್ಲಿ ಕುಂಬ್ಡಾಜೆಯಲ್ಲಿ ಅದೇ ಮದ್ದಿನಿಂದ ಒಂದು ಹಸು ಕಂದು ಹಾಕಿತ್ತು. ಅದಾದ ಮೇಲೆ ಆ ಸಾಲಿಗೆ ಅವರು ಗೀಟು ಹಾಕಿಸಿದ್ದರು.

ಗೀಟು ಎಂದರೆ ಏನೆಂದು ನನಗೆ ತಿಳಿದದ್ದು ಆ ಹೊತ್ತಿನಲ್ಲಿ. ಸರ್ಕಾರಿ ರಿಜಿಸ್ಟರಿನಲ್ಲಿ ತಪ್ಪು ಬರೆದರೆ ಅಳಿಸಬಾರದು, ಮೇಲೆ ಬರೆಯಬಾರದು. ಓದಲು ಬರುವಂತೆ ಒಂದೇ ಒಂದು ಅಡ್ಡಗೀಟು ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ, ತಾರೀಕು. ಶೆಟ್ರು ಸರ್ವಿಸ್ಸಿನಲ್ಲಿ ಕಲಿತ ಈ ಕ್ರಮವನ್ನು ಪುಸ್ತಕಕ್ಕೂ ತಂದಿದ್ದರು. ತಪ್ಪಿದ ಮದ್ದನ್ನು ತೆಗೆದುಹಾಕಿದರೆ ನಾಳೆ ಇನ್ಯಾರೋ ಅದನ್ನೇ ಮಾಡಿ ನೋಡುತ್ತಾರೆ, ಗೀಟು ಹಾಕಿ ಇಟ್ಟರೆ ಇದು ಮಾಡಿ ಕೆಟ್ಟದ್ದು ಎಂದು ತಿಳಿಯುತ್ತದೆ ಎಂಬುದು ಅವರ ವಾದ. ಟೈಪಿಸ್ಟ್ ಅದಕ್ಕಾಗಿಯೇ ವರ್ಡ್‌ಸ್ಟಾರಿನ ಒಂದು ಗುರುತು ಹುಡುಕಿ ಕಲಿತಿದ್ದಳು. ಟೋಪಿ ಮತ್ತು ಎಕ್ಸ್. ಹಳೆಯ ಪ್ರಿಂಟಿನಲ್ಲಿ ಅಕ್ಷರಗಳ ನಡು ಸೊಂಟದಲ್ಲಿ ಅಡ್ಡಗೆರೆ ಬರುತ್ತಿತ್ತು.

"ಫ್ಲಾಪಿ ಉಂಟಲ್ಲ ನಿನ್ನ ಹತ್ರ. ಅದರಲ್ಲಿ ನೋಡಿ ಹೇಳು ಮಾರಾಯ, ನಾನು ಅದಕ್ಕೆ ಗೀಟು ಹಾಕ್ಸಿದ್ದೆನಾ, ಇಲ್ಲವಾ?"

ಹಳೆಯ ಕಂಪ್ಯೂಟರಿಗೆ ಫ್ಲಾಪಿ ಹಾಕಿದೆ. ಫೈಲು ತೆರೆದೆ. ಸಾಲು ಸಿಕ್ಕಿತು. ಅದರ ಮುಂದೆ ಟೋಪಿ ಎಕ್ಸ್, ಹಿಂದೆ ಟೋಪಿ ಎಕ್ಸ್. ಕಣ್ಣು ಕುಕ್ಕುವ ಹಾಗೆ ಇತ್ತು. ಆ ಒಂದು ನಿಮಿಷದಲ್ಲಿ ನನ್ನ ತಲೆಯಲ್ಲಿ ಏನೆಲ್ಲ ಓಡಿತು ಎಂದು ಈಗ ಬರೆಯಲೂ ಅಸಹ್ಯ. ಯಜಮಾನರು ಏನೆಂದಾರು, ಊರಿನಲ್ಲಿ ನನ್ನ ಹೆಸರು ಏನಾದೀತು ಎಂದೇ ಹೊರತು ಬೊಳ್ಳಿಯೂ ಇಲ್ಲ, ಕಮಲಕ್ಕನೂ ಇಲ್ಲ. ಎದುರಿಗೆ ಕುಳಿತವರಿಗೆ ಸ್ಕ್ರೀನ್ ಕಾಣುವುದಿಲ್ಲ ಎಂಬುದು ಮಾತ್ರ ಚೆನ್ನಾಗಿ ನೆನಪಿತ್ತು.

"ಇಲ್ಲ ಶೆಟ್ರೇ, ಗೀಟು ಎಂತದೂ ಇಲ್ಲ. ಇದ್ದ ಹಾಗೆಯೇ ಉಂಟು" ಎಂದೆ.

ಅವರು ಜಗಳ ಮಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಮಾಡಲಿಲ್ಲ. ಹಾಕಿಸಿದ್ದು ಇಷ್ಟು ಸ್ಪಷ್ಟ ನೆನಪುಂಟು, ಆ ಟೈಪಿಸ್ಟ್ ಹುಡುಗಿ ಯಾವ ಸೀರೆ ಉಟ್ಟಿದ್ದಳು ಎಂಬುದೂ ನೆನಪುಂಟು, ಸಹಿ ಮಾತ್ರ ಹಾಕಿಸಿ ಗೀಟು ಬಿಟ್ಟೆನೋ ಏನೋ, ಹಾಗಾದರೆ ಆಗದೇ ಇದ್ದದ್ದು ನನಗೆ ನೆನಪಿಗೆ ಬರುತ್ತಿದೆ ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು. ಆಮೇಲೆ ಹೇಳಿದರು, "ಅಣ್ಣನಿಗೂ ಸುರುವಿಗೆ ಹೀಗೇ ಆದದ್ದು." ಅವರನ್ನು ಆಟೋದವರೆಗೆ ಕೈಹಿಡಿದು ಬಿಟ್ಟು ಬಂದೆ. ಆ ಉಪಕಾರಕ್ಕೆ ಅವರು ನನಗೆ ದೊಡ್ಡದಾಗಿ ಥ್ಯಾಂಕ್ಸ್ ಹೇಳಿದರು.

ಅಲ್ಲಿಂದ ಅವರು ನೇರ ಬಾಯಾರಿಗೆ ಹೋಗಿ ಕಮಲಕ್ಕನ ಅಂಗಳದಲ್ಲಿ ನಿಂತು, ತಪ್ಪು ನನ್ನದು, ನನಗೆ ಮರೆವು ಸುರುವಾಗಿದೆ ಎಂದು ಹೇಳಿ ಕೈಮುಗಿದರಂತೆ. ಸೊಸೈಟಿಯವರು ಪುಟ ನಲವತ್ತೊಂದರ ಮೇಲೆ ಅಂಟಿಸಲು ಒಂದು ಚೀಟಿ ಮಾಡಿಸಿದರು. ಆ ಚೀಟಿಯನ್ನು ಮುದ್ರಿಸಿದ್ದೂ ನಾನೇ. ಶೆಟ್ರು ಮದ್ದಿನ ಚೀಲವನ್ನು ಅಟ್ಟಕ್ಕೆ ಹಾಕಿದರು, ಆ ಪುಸ್ತಕವನ್ನು ಮತ್ತೆ ತೆರೆಯಲಿಲ್ಲ. ಯಾರಾದರೂ ಕರೆಯಲು ಬಂದರೆ, ನನ್ನ ನೆನಪನ್ನು ನಂಬಬೇಡಿ, ಮೃಗಾಸ್ಪತ್ರೆಗೆ ಹೋಗಿ ಎಂದು ಕಳಿಸುತ್ತಿದ್ದರು. ಮನೆಯಲ್ಲಿ ತಮ್ಮ ತಿಂಡಿ ಆಯಿತೇ ಎಂದು ಹೆಂಡತಿಯನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು ಎಂದು ಸೊಸೈಟಿಯ ಕಾರ್ಯದರ್ಶಿ ಬೇಸರದಿಂದ ಹೇಳಿದರು. ಎಂಥಾ ಮನುಷ್ಯ ಹೇಗಾದರು ನೋಡಿ ಎಂದರು. ನಾನು ಹೌದೌದು ಎಂದು ತಲೆಯಾಡಿಸಿದೆ. ನಾಚಿಕೆಗೆಟ್ಟವನು.

ಶೆಟ್ರು ಹೋದ ದಿನವೇ ಉಳಿದ ಫೈಲುಗಳಲ್ಲಿಯೂ ಆ ಗುರುತನ್ನು ಹುಡುಕಿ ಎಣಿಸಿದ್ದೆ. ಒಟ್ಟು ಅರುವತ್ತೆರಡು ಕಡೆ ಗೀಟು. ಅಂದರೆ ಅರುವತ್ತೆರಡು ಬಾರಿ ಶೆಟ್ರು ತಾನು ತಪ್ಪಿದೆ ಎಂದು ಸಹಿ ಹಾಕಿ ಒಪ್ಪಿಕೊಂಡಿದ್ದರು, ನಾನು ಆ ಅರುವತ್ತೆರಡನ್ನೂ ಡಾಕ್ಟ್ರ ಸಹಿಯ ಮದ್ದು ಮಾಡಿ ಐನೂರು ಮನೆಗೆ ಹಂಚಿದ್ದೆ. ಚೀಟಿ ಅಂಟಿದ್ದು ಒಂದಕ್ಕೆ. ಉಳಿದವು ಹಟ್ಟಿಯ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಪುಸ್ತಕಗಳಲ್ಲಿ ಹಾಗೆಯೇ ಇದ್ದವು. ಇದು ಗೊತ್ತಿದ್ದೂ ನಾನು ಹನ್ನೊಂದು ವಾರ ಬಾಯಿ ಮುಚ್ಚಿಕೊಂಡು ಕುಳಿತೆ. ಪ್ರತಿ ಆದಿತ್ಯವಾರ ಇಗರ್ಜಿಗೆ ಹೋಗುತ್ತಿದ್ದೆ, ಪಾದ್ರಿಯವರ ಹತ್ತಿರವೂ ಹೇಳಲಿಲ್ಲ. ಯಾರಾದರೂ ದನ ಎಂದು ಬಾಯಿ ತೆರೆದರೆ ನಾನು ಮಾತು ಬದಲಿಸುತ್ತಿದ್ದೆ.

ಮೇ ತಿಂಗಳಲ್ಲಿ ಕುಂಬ್ಡಾಜೆಯ ಒಬ್ಬರು ಗೃಹಪ್ರವೇಶದ ಕಾಗದ ಮಾಡಿಸಲು ಬಂದರು. ಕರುವಿಗೆ ಜಂತುಹುಳಕ್ಕೆ ಪುಸ್ತಕ ನೋಡಿ ಮದ್ದು ಕೊಟ್ಟೆವು, ಎರಡು ದಿನ ಬಾಯಲ್ಲಿ ನೊರೆ ಬಂದು ಹೇಗೋ ಬದುಕಿತು ಎಂದು ಮಾತಿನ ಮಧ್ಯೆ ಹೇಳಿದರು. ಯಾವ ಮದ್ದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಪಟ್ಟಿ ನನಗೆ ಬಾಯಿಪಾಠವಾಗಿತ್ತು. ಕಾಗದದ ಕೆಲಸವನ್ನು ಅರ್ಧಕ್ಕೆ ಬಿಟ್ಟು, ಯಜಮಾನರಿಗೂ ಹೇಳದೆ, ಮೀಂಜದ ಬಸ್ಸು ಹತ್ತಿದೆ.

ಶೆಟ್ರು ಚಾವಡಿಯಲ್ಲಿದ್ದರು. ಒಂದು ಕಣ್ಣು ಆಗ ಸರಿಯಾಗಿತ್ತು. ದಪ್ಪ ಕನ್ನಡಕ ಹಾಕಿ ಪೇಪರ್ ಓದುತ್ತಿದ್ದರು. ನಾನು ಕುಳಿತುಕೊಳ್ಳಲಿಲ್ಲ. ಕುಳಿತರೆ ಹೇಳಲಾಗುವುದಿಲ್ಲ ಎಂದು ಗೊತ್ತಿತ್ತು. ಗೀಟು ಫ್ಲಾಪಿಯಲ್ಲಿ ಇತ್ತು, ನನ್ನ ಪ್ರೋಗ್ರಾಮ್ ಅದನ್ನು ಎಸೆಯಿತು, ನೀವು ಕೇಳಿದ ದಿನ ನಾನು ಕಣ್ಣಾರೆ ನೋಡಿಯೂ ಸುಳ್ಳು ಹೇಳಿದೆ ಎಂದು ನಿಂತಲ್ಲೇ ಹೇಳಿ ಮುಗಿಸಿದೆ.

ಅವರು ಕನ್ನಡಕ ತೆಗೆದು ಒರೆಸಿದರು. ಬೈಯುತ್ತಾರೆ ಎಂದು ಕಾದೆ.

"ಒಟ್ಟು ಎಷ್ಟು ಗೀಟು ಹೋಗಿದೆ?"

ಹೇಳಿದೆ. ತಮ್ಮ ಬಗ್ಗೆ ಒಂದು ಮಾತಿಲ್ಲ. ಒಳಗಿನಿಂದ ಪುಸ್ತಕ ತಂದು, ಒಂದೊಂದನ್ನೇ ಓದು ಎಂದರು. ಮಧ್ಯಾಹ್ನದವರೆಗೆ ಓದಿದೆ. ನಾಲ್ಕು ಮದ್ದು ತೀರಾ ಅಪಾಯದ್ದು, ಅವು ಬೇಕಾಗಬಹುದಾದ ಮನೆಗಳಿಗೆ ಮೊದಲು ಹೋಗಬೇಕು ಎಂದರು. ಯಾರ ಯಾರ ಮನೆಯಲ್ಲಿ ಗಬ್ಬದ ಹಸು ಇದೆ, ಎಲ್ಲಿ ಎಳೆ ಕರು ಇದೆ ಎಂದು ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಒಂದು ಹೆಸರಿಗೂ ಅವರು ತಡವರಿಸಲಿಲ್ಲ. ಊಟಕ್ಕೆ ಏಳುವಾಗ ಕಂಬ ಹಿಡಿದು ನಿಂತರು. ಆ ಮೂರು ತಿಂಗಳು ದಿನಾ ಬೆಳಿಗ್ಗೆ ಎದ್ದು ಮಕ್ಕಳ, ಮೊಮ್ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಹೇಳಿ ನೋಡುತ್ತಿದ್ದರಂತೆ. ಇಷ್ಟು ಹೇಳಿ ಅತ್ತರು. ಅವರು ಅಳುವುದನ್ನು ನೋಡಿ ಅವರ ಹೆಂಡತಿ ಬಂದು ನನಗೂ ಎಲೆ ಹಾಕಿದರು.

ನಂತರದ ಎರಡು ತಿಂಗಳು ಮೀಂಜ, ಬಾಯಾರು, ಕುಂಬ್ಡಾಜೆ ಎಂದು ಸ್ಕೇಲು ಮತ್ತು ಕೆಂಪು ಪೆನ್ನು ಹಿಡಿದು ಮನೆಮನೆಗೆ ಹೋದೆ. ಯಜಮಾನರು ಬೈದು ಬೈದು ಕೊನೆಗೆ ರಜೆ ಕೊಟ್ಟರು. ಪ್ರತಿ ಪುಸ್ತಕದಲ್ಲಿ ಅರುವತ್ತೆರಡು ಗೀಟು. ಕೆಲವು ಪುಸ್ತಕ ಸಿಗಲೇ ಇಲ್ಲ, ಕೆಲವು ಸಂಬಂಧಿಕರ ಕೈಸೇರಿ ಎಲ್ಲೋ ಹೋಗಿದ್ದವು. ಅವುಗಳ ವಿಚಾರ ಇಂದಿಗೂ ನನಗೆ ಗೊತ್ತಿಲ್ಲ. ಏನಾಯಿತು ಎಂದು ಕೇಳಿದ ಮನೆಯಲ್ಲೆಲ್ಲ ತಪ್ಪು ನನ್ನದು ಎಂದು ಹೇಳಿದೆ. ಹೇಳದೆ ಬರಬಹುದಾಗಿದ್ದ ಒಂದೆರಡು ಮನೆಯಲ್ಲಿ ಹೇಳದೆ ಬಂದದ್ದೂ ಉಂಟು.

ಕಮಲಕ್ಕ ನನ್ನನ್ನು ಅಂಗಳದಲ್ಲಿಯೇ ನಿಲ್ಲಿಸಿ ಪೂರ್ತಿ ಕೇಳಿದರು. ಹಟ್ಟಿ ಖಾಲಿಯಾಗಿತ್ತು. ಬೊಳ್ಳಿಯ ವಿಷಯ ಅವರು ಎತ್ತಲೇ ಇಲ್ಲ.

"ಆ ಹಿರಿಯರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಂದು ಇಲ್ಲೇ ನಿಂತಿದ್ದರು. ನೀರು ಬೇಕಾ ಅಂತ ಸಹ ಕೇಳ್ಲಿಲ್ಲ ನಾನು" ಎಂದರು. ಹಾಗೆಯೇ ಒಳಗೆ ಹೋದರು. ಮರುದಿನವೇ ಅವರು ಶೆಟ್ರ ಮನೆಗೆ ಹೋಗಿ ಬಂದರೆಂದು ಆಮೇಲೆ ತಿಳಿಯಿತು.

ಶೆಟ್ರು ಮತ್ತೆ ಅಟ್ಟದಿಂದ ಮದ್ದಿನ ಚೀಲ ಇಳಿಸಿದರು. ಎರಡನೆಯ ಕಣ್ಣಿನ ಆಪರೇಷನ್ನೂ ಆಯಿತು. ಎಲ್ಲ ಸರಿಹೋಯಿತು ಎಂದು ನಾನು ಸಮಾಧಾನ ಮಾಡಿಕೊಂಡೆ. ಆದರೆ ಮದ್ದು ಕೊಡುವ ಮೊದಲು ಅವರು ಈಗ ಪ್ರತಿಸಲ ಮೃಗಾಸ್ಪತ್ರೆಗೆ ಫೋನು ಮಾಡಿಸಿ ಕೇಳುತ್ತಿದ್ದರು. ನಲವತ್ತು ವರ್ಷ ಕೊಟ್ಟ ಮದ್ದನ್ನೂ ಕೇಳಿಯೇ ಕೊಡುವುದು.

2000ದ ಜನವರಿಯಲ್ಲಿ ಒಂದು ಮಧ್ಯಾಹ್ನ ಅವರು ಪ್ರೆಸ್ಸಿಗೆ ಬಂದರು. ಅದೇ ಕುರ್ಚಿಯಲ್ಲಿ ಕುಳಿತು, ಒಂದು ವಿಷಯ ಕೇಳಬೇಕು, ನೀನು ಬೇಜಾರು ಮಾಡಬಾರದು ಎಂದರು. ಆ ದಿನ ಮನೆಗೆ ಬಂದು ಹೇಳಿದ್ದು ನಿಜವೇ ಅಥವಾ ಮುದುಕ ಕೊರಗುತ್ತಾನೆ ಎಂದು ಕನಿಕರದಿಂದ ತಪ್ಪನ್ನು ಮೈಮೇಲೆ ಹಾಕಿಕೊಂಡದ್ದೇ? ನನಗೆ ಗಾಬರಿಯಾಯಿತು. ಬಾಯಿಮಾತು ಬೇಡ ಎಂದು ಹಳೆಯ ಕಂಪ್ಯೂಟರ್ ಶುರು ಮಾಡಿ, ಫ್ಲಾಪಿ ಹಾಕಿ, ಸ್ಕ್ರೀನನ್ನು ಪೂರ್ತಿ ಅವರ ಕಡೆಗೆ ತಿರುಗಿಸಿದೆ. ಸಾಲಿನ ಹಿಂದೆ ಮುಂದೆ ಇದ್ದ ಟೋಪಿ ಎಕ್ಸ್‌ನ ಮೇಲೆ ಬೆರಳಿಟ್ಟು ತೋರಿಸಿದೆ. ಈಗ ಅವರ ಎರಡೂ ಕಣ್ಣು ಚೆನ್ನಾಗಿದ್ದವು. ಬಹಳ ಹೊತ್ತು ನೋಡಿದರು.

"ಕಾಣ್ತದೆ ಮಾರಾಯ. ಆದ್ರೆ ಇದನ್ನು ನೀನು ಈಗ ಸಹ ಹಾಕ್ಲಿಕ್ಕೆ ಆಗ್ತದಲ್ಲ?"

ಚುಚ್ಚಿ ಹೇಳಿದ್ದಲ್ಲ. ನಿಜವಾಗಿ ಕೇಳಿದ್ದು. ಹಾಕಲಿಕ್ಕೆ ಆಗುತ್ತದೆ, ಎರಡು ಕೀ ಒತ್ತಿದರೆ ಸಾಕು. ಫೈಲಿನ ತಾರೀಕು ತೋರಿಸಬಹುದಿತ್ತು, ಅದನ್ನೂ ಬದಲಿಸಲು ಬರುತ್ತದೆ ಎಂದು ನನಗೂ ಗೊತ್ತು. ಹಾಕಿಲ್ಲ ಶೆಟ್ರೇ ಎಂದೆ. ಅವರು ನನ್ನ ಭುಜ ತಟ್ಟಿ, ಆಯಿತು, ನೀನು ಒಳ್ಳೆಯವನು ಎಂದು ಎದ್ದರು. ನಂಬಿದ ಮುಖವಾಗಿರಲಿಲ್ಲ ಅದು.

ಈ ವೃತ್ತಿಯಲ್ಲಿ ಆಮೇಲೆ ಸಾವಿರಾರು ಫೈಲುಗಳನ್ನು ಹಳೆಯದರಿಂದ ಹೊಸದಕ್ಕೆ ತಿರುಗಿಸಿದ್ದೇನೆ. ಅರ್ಥವಾಗದ ಗುರುತು ಸಿಕ್ಕಿದರೆ ಎಸೆಯಬೇಡ, ಬರೆಸಿದವರನ್ನು ಕೇಳು ಎಂದು ಕೆಲಸಕ್ಕೆ ಬಂದವರಿಗೆಲ್ಲ ಹೇಳುತ್ತೇನೆ. ಅದು ಕಲಿಸಬಹುದಾದ ಪಾಠ. ಸ್ಕ್ರೀನು ಕಾಣದವರು ನಮ್ಮನ್ನು ನಂಬಿ ಕೇಳಿದಾಗ ಕಂಡದ್ದನ್ನು ಕಂಡ ಹಾಗೆ ಹೇಳಬೇಕು ಎಂಬುದು ಇನ್ನೊಂದು. ಅದನ್ನು ಹೇಳಲು ಬಾಯಿ ತೆರೆದರೆ ನನಗೆ ಈಗಲೂ ಮಾತು ಹೊರಡುವುದಿಲ್ಲ. ಶೆಟ್ರು ಮತ್ತೆ ಏಳು ವರ್ಷ ಬದುಕಿದ್ದರು, ಕೊನೆಯ ದಿನದವರೆಗೂ ಅವರ ನೆನಪು ಒಂದಿಷ್ಟೂ ಮಾಸಿರಲಿಲ್ಲ. ಅದು ಅವರೊಬ್ಬರನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.